ಹಿಮ ಹತ್ತುತ್ತಿದೆ

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಆಮೇಲೆ ನಡೆದದ್ದನ್ನು ಕೇಳಿದವರು ನನ್ನನ್ನು ಗಟ್ಟಿಗಿತ್ತಿ ಎಂದುಕೊಂಡು ಬೆನ್ನು ತಟ್ಟಲು ಬರುತ್ತಾರೆ, ನನಗೆ ಅದು ಕಸಿವಿಸಿ. ಲಿಫ್ಟು ಸ್ವಲ್ಪ ಜಗ್ಗಿದರೂ ನನ್ನ ಜೀವ ಬಾಯಿಗೆ ಬರುತ್ತದೆ. ಇಂಥವಳನ್ನು ಹಿಡಿದು ತಂದು ಕೋಲ್ಡ್ ಸ್ಟೋರೇಜಿನ ಕಂಟ್ರೋಲ್ ರೂಮಿನಲ್ಲಿ ಕೂರಿಸಿದ್ದರು. ಕೆಲಸವೇನೋ ಸುಲಭದ್ದೇ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಗೋದಾಮಿನ ಮೂಲೆಮೂಲೆಯಿಂದ ಸಂದೇಶಗಳು ಬರುತ್ತವೆ, ಅವನ್ನು ಓದಿ ಯಾವುದಕ್ಕೆ ಯಾರನ್ನು ಕಳಿಸಬೇಕೋ ಕಳಿಸಬೇಕು. ಎಲ್ಲಕ್ಕಿಂತ ಕೆಟ್ಟದ್ದು ಬಂದರೆ ಮೇಜಿನ ಪಕ್ಕದ ಕೆಂಪು ಗುಂಡಿ ಒತ್ತಬೇಕು. ಒತ್ತಿದರೆ ಇಡೀ ಗೋದಾಮಿನ ಯಂತ್ರಗಳು ನಿಲ್ಲುತ್ತವೆ, ಸೈರನ್ ಕೂಗುತ್ತದೆ, ಎಲ್ಲರೂ ಹೊರಗೆ ಬರುತ್ತಾರೆ.

ನನ್ನ ಹೆದರಿಕೆಗೆ ಕಾರಣ ಆ ಗುಂಡಿಯಲ್ಲ, ನನ್ನ ತಂಗಿ. ನನ್ನ ಕೋಣೆಯ ನೇರ ಕೆಳಗೆ ಮಷೀನ್ ರೂಮು. ಅಲ್ಲಿ ಕಂಪ್ರೆಸರ್ ನೋಡಿಕೊಳ್ಳುವವಳು ಅವಳು. ಪೈಪುಗಳಲ್ಲಿ ಓಡುವುದು ಅಮೋನಿಯಾ. ಗೋದಾಮಿನ ಸೇಬು, ಬೆಣ್ಣೆ, ಮೀನು ಕೆಡದಂತೆ ಕಾಯುವುದೂ ಅದೇ, ಹೊರಗೆ ಬಂದರೆ ಕಣ್ಣು ಗಂಟಲು ಎದೆ ಸುಡುವುದೂ ಅದೇ. ಸಂಜೆ ಮನೆಗೆ ಬಂದರೆ ಅವಳ ಕೂದಲಲ್ಲಿ ಆ ಘಾಟು ಸಣ್ಣಗೆ ಇರುತ್ತಿತ್ತು. ಎಣ್ಣೆ ಹಚ್ಚುವ ನೆಪದಲ್ಲಿ ನಾನು ಮೂಸಿ ನೋಡುತ್ತಿದ್ದೆ.

"ಬೇರೆ ಕೆಲಸ ಹುಡುಕೇ," ಅನ್ನುತ್ತಿದ್ದೆ.

"ನೀನು ಬೇರೆ ತಂಗಿ ಹುಡುಕ್ಕೋ, ಅದು ಸುಲಭ," ಅನ್ನುತ್ತಿದ್ದಳು.

ಮಷೀನ್ ರೂಮಿನ ಗದ್ದಲದಲ್ಲಿ ಫೋನು ಕೇಳಿಸದು. ಎಲ್ಲರ ಕಿವಿಗೂ ದಪ್ಪ ಮುಚ್ಚಳ. ಹಾಗಾಗಿ ಹಣ್ಣು ಸುತ್ತುವ ಹೆಂಗಸರನ್ನು ಬಿಟ್ಟು ಉಳಿದ ಒಬ್ಬೊಬ್ಬರ ಕೊರಳಿಗೂ ಅಂಗೈಯಗಲದ ಪ್ಯಾಡೊಂದನ್ನು ನೇತುಹಾಕಿದ್ದರು. ಅದರಲ್ಲಿ ಒತ್ತಿದ್ದು ನನ್ನ ಪರದೆಗೂ ಗೇಟಿನ ಕಾವಲುಗಾರನ ಪ್ಯಾಡಿಗೂ ಬರುತ್ತಿತ್ತು, ನಾವು ಒತ್ತಿದ್ದು ಅವರಿಗೆ ಹೋಗುತ್ತಿತ್ತು. ಕೆಲಸದವರು ಎಲ್ಲೆಲ್ಲಿಂದಲೋ ಬಂದವರು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಆದ್ದರಿಂದ ಪ್ಯಾಡಿನಲ್ಲಿ ಇಂಗ್ಲಿಷ್ ಮಾತ್ರ. ಅದೂ ಎಂಥ ಇಂಗ್ಲಿಷ್ ಅಂತೀರಿ. 'ಪ್ರಾಬ್ಲಂ ಈಸ್ ದೇರ್.' ಬಾಗಿಲು ಕಿರುಗುಟ್ಟಿದರೂ ಪ್ರಾಬ್ಲಂ ಈಸ್ ದೇರ್, ಛಾವಣಿ ಬಿದ್ದರೂ ಪ್ರಾಬ್ಲಂ ಈಸ್ ದೇರ್. ನಮ್ಮ ಮಾತಿನಲ್ಲಾದರೆ ನೀರು ಜಿನುಗುತ್ತದೆ, ಸೋರುತ್ತದೆ, ತೊಟ್ಟಿಕ್ಕುತ್ತದೆ, ಚಿಮ್ಮುತ್ತದೆ, ಧುಮ್ಮಿಕ್ಕುತ್ತದೆ. ಯಾವುದಕ್ಕೆ ಬಟ್ಟೆ ಒತ್ತಬೇಕು, ಯಾವುದಕ್ಕೆ ಓಟ ಕೀಳಬೇಕು ಎಂದು ಮಗುವಿಗೂ ಗೊತ್ತು. ಇಂಗ್ಲಿಷಿಗೆ ಬರುತ್ತಲೇ ಎಲ್ಲರ ನಾಲಿಗೆಗೂ ಲಕ್ವ ಹೊಡೆಯುತ್ತಿತ್ತು. ಒಂದು ಸಲ 'ಫ್ಯಾನ್ ಪ್ರಾಬ್ಲಂ ಈಸ್ ದೇರ್' ಎಂದು ಬಂದದ್ದನ್ನು ನಾನು ಉಳಿದ ಪ್ರಾಬ್ಲಂಗಳ ಸಾಲಿನಲ್ಲಿ ನಿಲ್ಲಿಸಿದೆ. ಅದರ ಸರದಿ ಬರುವಷ್ಟರಲ್ಲಿ ಫ್ಯಾನಿನ ರೆಕ್ಕೆ ಕಳಚಿ ಲೋಡರ್ ಒಬ್ಬನ ಬೆರಳುಗಳು ಹೋಗಿದ್ದವು.

ಅದಾದ ಮೇಲೆ ಕಂಪನಿಯವರು ಪಾಠ ಹೇಳಲು ಒಬ್ಬ ಹೆಂಗಸನ್ನು ಕರೆಸಿದರು. ಪತ್ರಿಕೆಯೊಂದರಲ್ಲಿ ಬೇರೆಯವರ ವಾಕ್ಯ ತಿದ್ದಿ ತಿದ್ದಿ ನಿವೃತ್ತಳಾದವಳು. ಗಿಡ್ಡ ಕೂದಲು, ಮೂಗಿನ ತುದಿಗೆ ಕನ್ನಡಕ, ಯಾರಿಗೂ ಸೊಪ್ಪು ಹಾಕದ ಸ್ವಭಾವ. ಕ್ಯಾಂಟೀನಿನ ಕರಿಹಲಗೆಯ ಮುಂದೆ ನಮ್ಮನ್ನೆಲ್ಲ ಕೂರಿಸಿ ಅವಳು ಹೇಳಿದ್ದು ಇಷ್ಟು: "ವಾಕ್ಯದೊಳಗೆ ಕೆಲಸ ಮಾಡೋದು ಕ್ರಿಯಾಪದ ಒಂದೇ. ಉಳಿದವರೆಲ್ಲ ನಿಂತು ನೋಡೋರು. ಈಸ್, ವಾಸ್, ಹ್ಯಾಸ್ ಇವು ಮೂರೂ ಸಂಬಳ ತಗೊಂಡು ಮಲಗೋ ನೌಕರರು. ಇವರನ್ನ ಎಬ್ಬಿಸಿ ಮನೆಗೆ ಕಳಿಸಿ." ಜನ ನಕ್ಕರು. ಯಾಕೋ ಮ್ಯಾನೇಜರ್ ಮಾತ್ರ ನಗಲಿಲ್ಲ.

ಅವಳು ಒಂದು ನಲ್ಲಿಯ ಚಿತ್ರ ಬರೆದು ಕೇಳುತ್ತಿದ್ದಳು. ನೀರು ಏನು ಮಾಡ್ತಿದೆ? ಡ್ರಿಪ್ಸ್ ಅಂದರೆ ತೊಟ್ಟಿಕ್ಕುತ್ತದೆ. ಸೀಪ್ಸ್ ಅಂದರೆ ಜಿನುಗುತ್ತದೆ. ಸ್ಪರ್ಟ್ಸ್ ಅಂದರೆ ಚಿಮ್ಮುತ್ತದೆ. ಗಾಳಿ? ಹಿಸ್ಸಸ್, ಬುಸುಗುಟ್ಟುತ್ತದೆ. ಬೆಲ್ಟು? ಸ್ಲಿಪ್ಸ್, ಜಾರುತ್ತದೆ. ಬಹಳ ಬೇಗ ನಮಗೆ ರುಚಿ ಹತ್ತಿತು. ಲೋಡರುಗಳು ಚಹಾ ಕುಡಿಯುತ್ತ ಪದ ಎಸೆದು ಆಡುತ್ತಿದ್ದರು. ಆದರೆ ಅವಳು ಕೊನೆಯ ದಿನ ಹೇಳಿದ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ: "ಜೋರಾಗಿರೋ ಪದ ಬೇಡ, ಸರಿಯಾಗಿರೋ ಪದ ಬೇಕು. ತೊಟ್ಟಿಕ್ಕೋದನ್ನ ಚಿಮ್ಮುತ್ತೆ ಅಂತ ಬರೆದ್ರೆ, ನಿಜವಾಗಿ ಚಿಮ್ಮಿದ ದಿನ ಏನು ಬರೀತೀರಿ?"

ಅವಳು ಹೋದ ಮೇಲೆ ಮ್ಯಾನೇಜರ್ ತಲೆ ಓಡಿಸಿದರು. ಒಳ್ಳೆಯ ಕ್ರಿಯಾಪದ ಬರೆದವರಿಗೆ ವಾರಕ್ಕೊಂದು ಬಹುಮಾನ. ಮೊದಲ ವಾರ ಗೋಡೆ ಗಡಿಯಾರ, ಮುಂದಿನ ವಾರ ಇಸ್ತ್ರಿಪೆಟ್ಟಿಗೆ. ಮುಗಿಯಿತು ಕಥೆ. ಒಂದೇ ತಿಂಗಳಿಗೆ ಗೋದಾಮಿನ ಬಾಗಿಲುಗಳು ಅಳತೊಡಗಿದವು, ಟ್ರಾಲಿಗಳು ಊಳಿಡತೊಡಗಿದವು, ಕ್ಯಾಂಟೀನಿನ ಫ್ರಿಜ್ಜು ಪ್ರತಿ ಮಧ್ಯಾಹ್ನ ಪ್ರಾಣ ಬಿಟ್ಟು ಸಂಜೆಗೆ ಎದ್ದು ಕೂರತೊಡಗಿತು. ಪರದೆಯ ಮುಂದೆ ಕೂತ ನನಗೆ ಎದೆ ಢವಢವ. ಉಳಿದವರಿಗೆ ತಮಾಷೆ, ನನಗೆ ಪ್ರತಿಯೊಂದೂ ನಿಜ. ಹೆದರುವವರಿಗೆ ಈ ಲೋಕದಲ್ಲಿ ತಮಾಷೆ ಎನ್ನುವುದೇ ಇಲ್ಲ.

ಒಂದು ದಿನ ಪರದೆಯ ಮೇಲೆ ಬಂತು: 'ಕಂಪ್ರೆಸರ್ ಶ್ರೀಕ್ಸ್ ಅಂಡ್ ಸ್ಟ್ಯಾಗರ್ಸ್.' ಕಿರುಚುತ್ತಿದೆ, ತೂರಾಡುತ್ತಿದೆ. ಬರೆದವನು ಪ್ಯಾಕಿಂಗ್ ಹಾಲಿನ ಫೋರ್‌ಮನ್, ಗೋಡೆಯ ಆಚೆ ಸದ್ದು ಕೇಳಿದವನು. ನನ್ನ ತಂಗಿ ಆ ಕಂಪ್ರೆಸರಿನ ಪಕ್ಕದಲ್ಲಿದ್ದಳು. ನಾನು ಯೋಚನೆ ಮಾಡಲಿಲ್ಲ, ಒತ್ತಿಬಿಟ್ಟೆ. ಇಡೀ ಗೋದಾಮು ನಿಂತಿತು, ಜನ ಅಂಗಳಕ್ಕೆ ಓಡಿ ಬಂದರು. ಕಂಪ್ರೆಸರಿಗೆ ಏನೂ ಆಗಿರಲಿಲ್ಲ, ಬೆಲ್ಟು ಸ್ವಲ್ಪ ಕೀಚಲು ಸದ್ದು ಮಾಡುತ್ತಿತ್ತು ಅಷ್ಟೆ. ಯಂತ್ರಗಳನ್ನು ಮತ್ತೆ ಹದಕ್ಕೆ ತರುವಷ್ಟರಲ್ಲಿ ಒಂದು ಕೋಣೆಯ ಸ್ಟ್ರಾಬೆರಿ ಪೂರ್ತಿ ಕೊಳೆತಿತ್ತು. ಫೋರ್‌ಮನ್‌ಗೆ ಆ ವಾರ ಇಸ್ತ್ರಿಪೆಟ್ಟಿಗೆ ಸಿಕ್ಕಿತು. ನನಗೆ 'ಸೈರನ್ ಅಕ್ಕ' ಎನ್ನುವ ಹೆಸರು ಸಿಕ್ಕಿತು. ಮ್ಯಾನೇಜರ್ ಕೆಂಪು ಗುಂಡಿಯ ಮೇಲೆ ದಪ್ಪ ಪ್ಲಾಸ್ಟಿಕ್ಕಿನ ಮುಚ್ಚಳ ಕೂರಿಸಿ, ಬೀಗ ಹಾಕಿ, ಕೀಯನ್ನು ತಮ್ಮ ಪ್ಯಾಂಟಿನ ಜೇಬಿಗಿಳಿಸಿದರು.

"ಇನ್ಮೇಲೆ ನನ್ನ ಕೇಳಿ ಹೆದರಿಕೊಳ್ಳಿ," ಅಂದರು.

ತಂಗಿ ಬಹುಮಾನಕ್ಕೆ ಒಮ್ಮೆಯೂ ಬರೆದವಳಲ್ಲ. ಅವಳ ಸಂದೇಶಗಳು ಮೊಟಕು. 'ಬೋಲ್ಟ್ ಲೂಸನ್ಸ್.' 'ಆಯಿಲ್ ಡಾರ್ಕನ್ಸ್.' ಬೋಲ್ಟು ಸಡಿಲವಾಗುತ್ತಿದೆ, ಎಣ್ಣೆ ಕಪ್ಪಾಗುತ್ತಿದೆ. ನೋಡಿದ್ದನ್ನು ನೋಡಿದಷ್ಟೇ. ಮನೆಯಲ್ಲಿ ನಾನು ಕೆಣಕುತ್ತಿದ್ದೆ, "ನಿಂದೂ ಒಂದು ಕ್ರಿಯಾಪದವೇನೇ, ಸಪ್ಪೆ." ಅವಳು ಪಾಠದ ಹೆಂಗಸಿನ ಹಾಗೆ ಮೂಗಿನ ಮೇಲೆ ಇಲ್ಲದ ಕನ್ನಡಕ ಸರಿಮಾಡಿಕೊಂಡು, "ಸಪ್ಪೆ ಆಗಿರೋತನಕ ನೀನು ಆರಾಮಾಗಿ ಊಟ ಮಾಡು," ಅನ್ನುತ್ತಿದ್ದಳು.

ಇನ್ನು ಆ ಮಧ್ಯಾಹ್ನದ ವಿಷಯ.

ಊಟ ಮುಗಿಸಿ ಬಂದು ಕೂತಿದ್ದೆ. ಅದು ವಾರದ ಬಹುಮಾನ ತೀರ್ಮಾನಿಸುವ ದಿನ, ಪರದೆ ತುಂಬ ಕೂಗಾಟ ನರಳಾಟ. ಒಂದನೇ ಬಾಗಿಲು ರೋದಿಸುತ್ತಿತ್ತು. ಕನ್ವೇಯರ್ ಊಳಿಡುತ್ತಿತ್ತು. ಯಾರೋ ಒಬ್ಬ ತೂಕದ ಯಂತ್ರ 'ಸುಳ್ಳು ಹೇಳಿ ಬಿಕ್ಕುತ್ತಿದೆ' ಎಂದು ಬರೆದಿದ್ದ. ಮ್ಯಾನೇಜರ್ ನನ್ನ ಹಿಂದೆ ನಿಂತು ನಗುತ್ತ ಓದುತ್ತಿದ್ದರು. ಇವೆಲ್ಲದರ ನಡುವೆ ತಂಗಿಯ ಸಂದೇಶ ಬಂದು ಸದ್ದಿಲ್ಲದೆ ಕೂತಿತು.

'ಫ್ರಾಸ್ಟ್ ಕ್ಲೈಂಬ್ಸ್.'

ಹಿಮ ಹತ್ತುತ್ತಿದೆ. ಮಷೀನ್ ರೂಮಿನ ಪೈಪುಗಳ ಮೇಲೆ ಬಿಳಿ ಹಿಮ ಕೂತಿರುವುದು ಸಹಜ, ದಿನವೂ ಇರುತ್ತದೆ. ಆದರೆ ಅದಕ್ಕೊಂದು ಗಡಿ ಇದೆ. ಅದನ್ನು ತಂಗಿಯೇ ಮನೆಯಲ್ಲಿ, ನಾನು ಬೇಡಬೇಡವೆಂದರೂ, ತಟ್ಟೆ ಲೋಟ ಇಟ್ಟು ವಿವರಿಸಿದ್ದಳು. ಹಿಮ ಪೈಪಿನ ಮೇಲೆ ಇರುವ ತನಕ ಕಂಪ್ರೆಸರಿನೊಳಗೆ ಹೋಗುತ್ತಿರುವುದು ಗಾಳಿಯ ರೂಪದ ಅಮೋನಿಯಾ. ಅದು ಪೈಪು ದಾಟಿ ಕಂಪ್ರೆಸರಿನ ಮೈಮೇಲೆ ಹತ್ತಿತೆಂದರೆ ಒಳಗೆ ದ್ರವವೇ ನುಗ್ಗುತ್ತಿದೆ ಎಂದರ್ಥ. "ಗಾಳಿನ ಹಿಸುಕಬಹುದು ಅಕ್ಕ, ನೀರನ್ನ ಹಿಸುಕೋಕಾಗಲ್ಲ. ಮಷೀನು ಹಿಸುಕೋಕೆ ಹೋಗಿ ತಾನೇ ಒಡೀತದೆ." ಒಡೆದರೆ ಅಮೋನಿಯಾ ಹೊರಗೆ. ಅವತ್ತು ಆ ಲೋಟವನ್ನು ನಾನು ಎತ್ತಿ ಒಳಗಿಟ್ಟಿದ್ದೆ, ನೋಡಲಾರದೆ.

"ಸಾರ್, ಕೀ ಕೊಡಿ," ಅಂದೆ.

"ಏನಂತೆ?"

ತೋರಿಸಿದೆ. ಅವರು ಓದಿ ಹುಬ್ಬೇರಿಸಿದರು. "ಫ್ರಾಸ್ಟ್ ಕ್ಲೈಂಬ್ಸ್. ಪರವಾಗಿಲ್ಲ, ನಿಮ್ಮ ತಂಗಿಗೂ ಕಾವ್ಯ ಬಂತು. ಆದ್ರೂ ಕನ್ವೇಯರಿನವನದು ಜೋರಾಗಿದೆ."

"ಅವಳು ಬಹುಮಾನಕ್ಕೆ ಬರೆಯೋಳಲ್ಲ ಸಾರ್."

"ಎಲ್ಲರೂ ಹಾಗೇ ಅಂತಾರೆ. ಇಸ್ತ್ರಿಪೆಟ್ಟಿಗೆ ಯಾರಿಗೆ ಬೇಡ ಹೇಳಿ."

ನಾನು ಅವಳ ಪ್ಯಾಡಿಗೆ ಬರೆದೆ: ಮಷೀನ್ ನಿಲ್ಲಿಸು. ಉತ್ತರ ಬಂತು: 'ಸ್ವಿಚ್ ಸ್ಟಿಕ್ಸ್.' ಅಲ್ಲಿನ ಸ್ವಿಚ್ಚು ಕಚ್ಚಿಕೊಂಡಿದೆ. ಹಾಗಾದರೆ ಹೊರಗೆ ಬಾ ಎಂದು ಬರೆದೆ. ನನ್ನ ಬೆರಳು ಒಂದು ಅಕ್ಷರದ ಬದಲು ಇನ್ನೊಂದನ್ನು ಒತ್ತುತ್ತಿದ್ದವು. ಅದಕ್ಕೆ ಉತ್ತರ ಸ್ವಲ್ಪ ತಡವಾಗಿ ಬಂತು: 'ಐ ಟರ್ನ್ ವಾಲ್ವ್. ಇಟ್ ಕ್ರಾಲ್ಸ್.'

ವಾಲ್ವಿನ ಚಕ್ರವನ್ನು ಕೈಯಿಂದಲೇ ತಿರುಗಿಸುತ್ತಿದ್ದಾಳೆ, ಅದು ತೆವಳುತ್ತಿದೆ. ಯಾಕೆ ತಿರುಗಿಸುತ್ತಿದ್ದಾಳೆ ಎಂದು ನನಗೆ ಕೇಳಬೇಕಾಗಿರಲಿಲ್ಲ. ಮಷೀನ್ ರೂಮಿಗೂ ಪ್ಯಾಕಿಂಗ್ ಹಾಲಿಗೂ ನಡುವೆ ಇರುವುದು ಒಂದು ತೆಳು ಗೋಡೆ. ಆಚೆ ಬದಿಯಲ್ಲಿ ಹೆಂಗಸರು ಸಾಲಾಗಿ ನಿಂತು ಸೇಬು ಸುತ್ತುತ್ತಿರುತ್ತಾರೆ. ವಾಲ್ವ್ ಮುಚ್ಚಿದಷ್ಟೂ ಒಡೆದಾಗ ಬರುವ ವಿಷ ಕಡಿಮೆ. ಅವರನ್ನೆಲ್ಲ ಬಿಟ್ಟು ಬರುವ ಜಾಯಮಾನ ಅವಳದ್ದಲ್ಲ. ನನ್ನದು, ನನ್ನದು ಹೌದು. ಒಂದೇ ತಾಯಿ ಹೆತ್ತ ನಾವಿಬ್ಬರೂ ಇಷ್ಟು ಬೇರೆಯಾಗಿರುವುದು ಹೇಗೆಂದು ನನಗೆ ಯಾವತ್ತೂ ತಿಳಿದಿಲ್ಲ.

ಪರದೆಯ ಮೇಲೆ ಇನ್ನೊಂದು ಸಾಲು ಬಂತು. 'ಮಷೀನ್ ಕಾಫ್ಸ್.' ಕೆಮ್ಮುತ್ತಿದೆ.

"ಸಾರ್, ಇದನ್ನ ಓದಿ. ಸಾಲಾಗಿ ಓದಿ. ಹಿಮ ಹತ್ತುತ್ತಿದೆ, ಸ್ವಿಚ್ಚು ಕಚ್ಚಿದೆ, ವಾಲ್ವು ತೆವಳ್ತಿದೆ, ಮಷೀನು ಕೆಮ್ಮುತ್ತಿದೆ. ಒಂದಾದರೂ ಜೋರಾದ ಪದ ಇದೆಯಾ? ಬಹುಮಾನಕ್ಕಾದ್ರೆ ಹೀಗೆ ಬರೀತಾರಾ?"

ಅವರು ಈಗ ನಗುತ್ತಿರಲಿಲ್ಲ. ಆದರೆ ಕೀಯನ್ನೂ ತೆಗೆಯಲಿಲ್ಲ. "ಮೆಕ್ಯಾನಿಕ್ಕನ್ನ ಕಳಿಸೋಣ, ನೋಡ್ಕೊಂಡು ಬರಲಿ. ಹೋದ ಸಲದ ಸ್ಟ್ರಾಬೆರಿಗೆ ನಾನಿನ್ನೂ ಮೇಲಿನವರ ಮುಂದೆ ತಲೆ ಎತ್ತಿಲ್ಲ," ಅಂದರು. ಅವರ ಕೈ ಜೇಬಿನ ಮೇಲೆಯೇ ಇತ್ತು. ಅವರಿಗೂ ಹೆದರಿಕೆ, ಬೇರೆ ಯಾರದೋ ಹೆದರಿಕೆ.

'ಮಷೀನ್ ನಾಕ್ಸ್.'

ಬಡಿಯುತ್ತಿದೆ. ಇದನ್ನು ಓದಬೇಕಾಗಿಯೂ ಇರಲಿಲ್ಲ. ನನ್ನ ಕಾಲಡಿಯ ನೆಲವೇ ಬಡಿದುಕೊಳ್ಳುತ್ತಿತ್ತು. ಒಳಗಿನಿಂದ ಯಾರೋ ಬಾಗಿಲು ತಟ್ಟುವಂಥ ಸದ್ದು, ಒಂದೇ ಸಮನೆ. ಮೇಜಿನ ಮೇಲಿನ ಲೋಟದ ನೀರು ಅಲುಗುತ್ತಿತ್ತು. ನಾನು ಮ್ಯಾನೇಜರ ಕಡೆಗೆ ಅಂಗೈ ಚಾಚಿದೆ. ಆಮೇಲೆ ಪರದೆಯ ಮೇಲೆ ಕೊನೆಯ ಸಾಲು ಮೂಡಿತು.

'ಅಕ್ಕ ರನ್.'

ಅದನ್ನು ಓದಿ ಓಡಿದವರು ಮ್ಯಾನೇಜರ್. ತಮಾಷೆಗೆ ಹೇಳುತ್ತಿಲ್ಲ. ಅಷ್ಟೂ ಹೊತ್ತು ಯಾವ ಪದಕ್ಕೂ ಅಲುಗದ ಮನುಷ್ಯ, ಆ ಒಂದು ಪದ ಕಣ್ಣಿಗೆ ಬಿದ್ದದ್ದೇ ತಡ, ಬಾಗಿಲು ತಳ್ಳಿಕೊಂಡು ಮೆಟ್ಟಿಲಿಳಿದು ಮಾಯವಾದರು. ಜೇಬಿನಲ್ಲಿ ಕೀ ಹಾಗೇ ಇತ್ತು.

ನಾನೂ ಓಡಿದೆ. ಬಾಗಿಲ ತನಕ ಓಡಿದೆ. ಅಲ್ಲಿನ ಗಾಜಿನ ಕಿಟಕಿಯಿಂದ ಕೆಳಗೆ ಪ್ಯಾಕಿಂಗ್ ಹಾಲು ಕಾಣುತ್ತದೆ. ಹೆಂಗಸರು ತಲೆ ತಗ್ಗಿಸಿ ಸೇಬು ಸುತ್ತುತ್ತಿದ್ದರು. ಒಬ್ಬಳು ಪಕ್ಕದವಳಿಗೆ ಏನೋ ಹೇಳಿ ನಗುತ್ತಿದ್ದಳು. ಅವರ ಯಾರ ಕೊರಳಲ್ಲೂ ಪ್ಯಾಡ್ ಇಲ್ಲ, ಅವರಿಗೆ ಯಾರೂ ಓಡು ಎಂದು ಬರೆದಿರಲಿಲ್ಲ. ನನ್ನ ಕಾಲು ಮೆಟ್ಟಿಲ ಕಡೆಗೆ ತಿರುಗಿಯೇ ಇತ್ತು, ಆಣೆ ಮಾಡಿ ಹೇಳುತ್ತೇನೆ. ತಿರುಗಿ ಬಂದದ್ದು ಹೇಗೆ ಎಂದರೆ ಗೊತ್ತಿಲ್ಲ. ಮೇಜಿನ ಮೇಲೆ ಯಾರೂ ಬಳಸದ ಹಳೆಯ ಕಾಲದ ಭಾರದ ಟೆಲಿಫೋನು ಇತ್ತು. ಅದನ್ನು ಎತ್ತಿ ಪ್ಲಾಸ್ಟಿಕ್ಕಿನ ಮುಚ್ಚಳದ ಮೇಲೆ ಅಪ್ಪಳಿಸಿದೆ. ಬಿರುಕು ಬಿಟ್ಟಿತು. ಮತ್ತೆ ಅಪ್ಪಳಿಸಿದೆ, ಜಜ್ಜಿದೆ, ಕುಟ್ಟಿದೆ. ಅಳುತ್ತಿದ್ದೆ ಕೂಡ. ಮುಚ್ಚಳದ ಚೂರು ಅಂಗೈಗೆ ಹೊಕ್ಕಿತು. ಬೆರಳು ತೂರಿಸಿ ಗುಂಡಿ ಒತ್ತಿದೆ.

ಸೈರನ್ ಕೂಗಿತು. ದೀಪಗಳು ಆರಿದವು. ಕೆಳಗಿನ ಬಡಿತ ನಿಂತಿತು. ನಿಂತ ಆ ಗಳಿಗೆಯಲ್ಲೇ ನೆಲದಡಿಯಲ್ಲಿ ಫಟ್ ಎಂದು ಏನೋ ಒಡೆಯಿತು. ಕಿಟಕಿಯಾಚೆ ಹೆಂಗಸರು ಸೇಬು ಚೆಲ್ಲಿ ಬಾಗಿಲಿಗೆ ನುಗ್ಗುತ್ತಿದ್ದರು.

ಮಷೀನ್ ರೂಮಿಗೆ ಇಳಿಯಲು ಹೋದೆ. ಅರ್ಧ ಮೆಟ್ಟಿಲಿಗೇ ಘಾಟು ಮುಖಕ್ಕೆ ಹೊಡೆಯಿತು. ಕಣ್ಣಿಗೆ ಸೂಜಿ ಚುಚ್ಚಿದ ಹಾಗೆ, ಉಸಿರು ಎಳೆದರೆ ಗಂಟಲು ಬೆಂಕಿ. ಇನ್ನೊಂದು ಮೆಟ್ಟಿಲು ಇಳಿಯಲು ನನ್ನಿಂದ ಆಗಲಿಲ್ಲ. ತಂಗಿ ಅಲ್ಲಿದ್ದಾಳೆ ಎಂದು ಗೊತ್ತಿದ್ದೂ ನಾನು ತಿರುಗಿ ಮೇಲೆ ಹತ್ತಿ, ಇನ್ನೊಂದು ಬಾಗಿಲಿನಿಂದ ಅಂಗಳಕ್ಕೆ ಬಂದೆ. ಗಟ್ಟಿಗಿತ್ತಿ ಅನ್ನಬೇಡಿ ಎಂದದ್ದು ಇದಕ್ಕೇ.

ಅಂಗಳದಲ್ಲಿ ಜನ ಬೆದರಿ ನಿಂತಿದ್ದರು. ಸೈರನ್ನಿನ ಆರ್ಭಟದಲ್ಲಿ ಪಕ್ಕದವರ ಮಾತೂ ಕೇಳಿಸದು. ಎಲ್ಲರ ಬಾಯಿಗಳೂ ಅಲುಗುತ್ತಿದ್ದವು, ಒಂದು ಪದವೂ ನನಗೆ ತಲುಪುತ್ತಿರಲಿಲ್ಲ. ಮ್ಯಾನೇಜರ್ ನನ್ನ ಹತ್ತಿರ ಬಂದು ಜೇಬಿನಿಂದ ಕೀ ತೆಗೆದು ನನ್ನ ಮುಂದೆ ಹಿಡಿದರು. ಈಗ. ಅವರ ಕಣ್ಣಲ್ಲಿ ನೀರಿತ್ತು, ಅದು ಘಾಟಿನದೋ ಬೇರೆಯದೋ ನಾನು ಹೇಳಲಾರೆ. ನಾನು ತೆಗೆದುಕೊಳ್ಳಲಿಲ್ಲ. ಮಷೀನ್ ರೂಮಿನ ಹಿಂಬಾಗಿಲನ್ನೇ ನೋಡುತ್ತಿದ್ದೆ. ಗೋದಾಮಿನದೇ ರಕ್ಷಣಾ ತಂಡದ ಇಬ್ಬರು ಮುಖವಾಡ ಹಾಕಿಕೊಂಡು ಒಳಗೆ ಹೋಗಿದ್ದರು. ಬಾಗಿಲ ಸಂದಿಯಿಂದ ಬಿಳಿ ಹೊಗೆ ನೆಲ ಹಿಡಿದು ಹರಿದು ಬರುತ್ತಿತ್ತು. ಮನಸ್ಸಿನಲ್ಲಿ ನಾನು ಅವಳಿಗೆ ಬಯ್ಯುತ್ತಿದ್ದೆ, ಬಾರೇ, ಬಾರೇ, ಬರದೆ ಹೋದರೆ ನಿನ್ನನ್ನು ಸುಮ್ಮನೆ ಬಿಡುವುದಿಲ್ಲ.

ಅವಳನ್ನು ಹೊತ್ತು ತಂದರು. ಗಾಳಿ ಬೀಸುವ ಬದಿಗೆ, ಗೋಡೆಯ ಹತ್ತಿರ ಮಲಗಿಸಿ, ಕೊಡದಿಂದ ಮುಖಕ್ಕೆ ನೀರು ಹೊಯ್ದು, ಮತ್ತೆ ಹೊಯ್ದು, ಒಳಗೆ ಇನ್ನೂ ಯಾರಿದ್ದಾರೋ ಎಂದು ತಿರುಗಿ ಓಡಿದರು. ಅವಳ ಕಣ್ಣು ಊದಿ ಮುಚ್ಚಿಕೊಂಡಿದ್ದವು. ತುಟಿ ಬಿಳಚಿಕೊಂಡಿತ್ತು. ಎರಡು ಅಂಗೈಗಳೂ ವಾಲ್ವಿನ ಚಕ್ರ ಉಜ್ಜಿ ಸುಲಿದುಹೋಗಿದ್ದವು. ನಾನು ಕೂಗಿ ಕರೆದೆ, ನನ್ನ ದನಿ ನನಗೇ ಕೇಳಿಸಲಿಲ್ಲ. ಎದೆಗೆ ಕಿವಿಯಿಟ್ಟರೆ ಅಲ್ಲಿಯೂ ಸೈರನ್ನೇ ಕೇಳಿಸುತ್ತಿತ್ತು. ನಾನೇ ಕೂಗಿಸಿದ ಸೈರನ್. ನಿಲ್ಲಿಸಬೇಕಾದರೆ ಮತ್ತೆ ಆ ಮೆಟ್ಟಿಲು ಹತ್ತಬೇಕು.

ಅವಳ ಕೊರಳಿನ ಪ್ಯಾಡ್ ಮಿನುಗಿತು. ಗೇಟಿನ ಕಾವಲುಗಾರ ಬರೆದಿದ್ದ. ಆಂಬುಲೆನ್ಸ್ ಬಂದು ಗೇಟಿನಾಚೆ ನಿಂತಿದೆ, ಅನಿಲ ಚದುರುವ ತನಕ ಒಳಗೆ ಬಿಡುವಂತಿಲ್ಲ, ಅವರು ಸಿದ್ಧತೆ ಮಾಡಿಕೊಳ್ಳಬೇಕಂತೆ. 'ಹೌ ಈಸ್ ಶೀ?'

ಹೇಗಿದ್ದಾಳೆ. ಪ್ಯಾಡನ್ನು ಅವಳ ಕೊರಳಿನಿಂದ ತೆಗೆಯದೆಯೇ, ಮೊಣಕಾಲೂರಿ ಬಗ್ಗಿ, ರಕ್ತದ ಬೆರಳಿನಿಂದ ಒತ್ತತೊಡಗಿದೆ. ಬಂದದ್ದು 'ಪ್ರಾಬ್ಲಂ ಈಸ್'. ಅಷ್ಟು ಕಲಿತದ್ದೆಲ್ಲ ಎಲ್ಲಿ ಹೋಯಿತೋ, ತಲೆಯಲ್ಲಿ ಒಂದೂ ಪದ ಇರಲಿಲ್ಲ. ಅದನ್ನು ಅಳಿಸಿದೆ. ಏನನ್ನು ಬರೆಯಬೇಕಾದರೂ ಮೊದಲು ಅವಳನ್ನು ನೋಡಬೇಕಿತ್ತು, ಅವಳನ್ನು ನೋಡಲು ನನಗೆ ಧೈರ್ಯ ಸಾಲುತ್ತಿರಲಿಲ್ಲ. ಆದರೂ ನೋಡಿದೆ. ಒದ್ದೆ ಅಂಗಿಯ ಗುಂಡಿ ಅಲುಗಲಿಲ್ಲ. ಅಲುಗಲಿಲ್ಲ. ಆಮೇಲೆ ಅದು ಒಂದಿಷ್ಟು ಮೇಲೆದ್ದು, ಹಾಗೇ ತಡೆದು ನಿಂತು, ಕೆಳಗಿಳಿಯಿತು.

'ಶೀ ಬ್ರೀದ್ಸ್' ಎಂದು ಒತ್ತಿ ಕಳಿಸಿದೆ. ಉಸಿರಾಡುತ್ತಿದ್ದಾಳೆ. ಕಳಿಸಿದ ಮೇಲೆ ಆ ಮಾತು ಸುಳ್ಳಾಗದಿರಲಿ ಎಂದು, ರೆಪ್ಪೆ ಮುಚ್ಚಲು ಹೆದರಿ, ಆ ಗುಂಡಿಯನ್ನೇ ನೋಡುತ್ತ ಕೂತೆ.